ಫಾದರ್ ಡೇಮಿಯನ್

ದೇವರು ಮನುಷ್ಯನಾಗಿ ಹುಟ್ಟಿಬಂದು, ಮನುಷ್ಯರ ನಡುವೆ ಬಾಳಿ, ಅವರ ಪಾಪವನ್ನೂ ನೋವನ್ನೂ ತನ್ನ ಮೇಲೆ ಹೊತ್ತು, ಶಿಲುಬೆಯ ಮೇಲೆ ಪ್ರಾಣವನ್ನರ್ಪಿಸಿ ಅವರನ್ನು ಉದ್ಧರಿಸಿದನು ಎಂಬುದು ಕ್ರೈಸ್ತಧರ್ಮದ ಮೂಲ ನಂಬಿಕೆ. ಆ ಉದ್ಧಾರಕನನ್ನೇ ಕ್ರೈಸ್ತರು ಯೇಸುಕ್ರಿಸ್ತನೆಂದು ಆರಾಧಿಸುತ್ತಾರೆ. ಈ ನಂಬಿಕೆಯನ್ನು ದೇವಾಲಯದಲ್ಲಿ ಪ್ರಾರ್ಥನೆಯ ಮಾತಾಗಿ ನುಡಿಯುವುದು ಸುಲಭ. ಪ್ರಾರ್ಥನೆ ಮುಗಿದ ಮೇಲೆ, ಬೆಳಗಿನಿಂದ ಇರುಳಿನವರೆಗಿನ ದುಡಿಮೆಯಲ್ಲಿ, ನೆರೆಯವರ ಕಷ್ಟಸುಖಗಳಲ್ಲಿ ಅದಕ್ಕೆ ಏನು ಅರ್ಥ? ಈ ಪ್ರಶ್ನೆಗೆ ಗ್ರಂಥಗಳನ್ನು ಬರೆದು ಉತ್ತರ ಕೊಟ್ಟವರು ಅನೇಕರು. ಬಾಳಿ ಉತ್ತರ ಕೊಟ್ಟವರು ವಿರಳ. ಅಂಥ ವಿರಳರಲ್ಲಿ ಒಬ್ಬರು ಫಾದರ್ ಡೇಮಿಯನ್. ಪೆಸಿಫಿಕ್ ಮಹಾಸಾಗರದ ನಡುವಿನ ಮೊಲೊಕೈ ದ್ವೀಪದಲ್ಲಿ, ಸಮಾಜವು ಹೊರದೂಡಿದ ಕುಷ್ಠರೋಗಿಗಳೊಡನೆ ಹದಿನಾರು ವರ್ಷಗಳ ಕಾಲ ಬಾಳಿ, ಕೊನೆಗೆ ಅವರಲ್ಲಿ ಒಬ್ಬರಾಗಿಯೇ ಮಡಿದ ಮಹಾನುಭಾವರು ಅವರು.

ಡೇಮಿಯನ್ನರ ಹುಟ್ಟುಹೆಸರು ಜೋಸೆಫ್ ಡಿ ವೂಸ್ಟರ್. ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ರ ಜನವರಿ 3ರಂದು ಆತನು ಜನಿಸಿದನು. ತಂದೆ ಬೇಸಾಯದೊಡನೆ ಧಾನ್ಯದ ವ್ಯಾಪಾರವನ್ನೂ ಮಾಡುತ್ತಿದ್ದವನು. ತಾಯಿ ದೈವಭಕ್ತೆ. ಆ ಮನೆಯ ಏಳನೆಯ ಮಗುವಾದ ಜೋಸೆಫ್ ದೃಢಕಾಯನಾದ ಹುಡುಗ. ಹೊಲದ ಕೆಲಸ, ಮರಗೆಲಸ ಯಾವುದಕ್ಕೂ ಹಿಂದೆಗೆಯುತ್ತಿರಲಿಲ್ಲ. ಈತ ತನ್ನ ವ್ಯಾಪಾರವನ್ನು ಮುಂದುವರಿಸಿಕೊಂಡು ಹೋಗುವನೆಂದು ತಂದೆಯ ಆಸೆ. ಅದಕ್ಕಾಗಿ ಮಗನನ್ನು ಬೇರೆ ಊರಿನ ಶಾಲೆಗೂ ಕಳುಹಿಸಿದನು. ಆದರೆ ಮಗನ ಮನಸ್ಸು ಬೇರೆಡೆಗೆ ತಿರುಗಿತ್ತು. ಅಣ್ಣ ಆಗಸ್ಟನು ಆಗಲೇ ಲೂವೆನ್ ನಗರದಲ್ಲಿದ್ದ ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಪ್ಯಾಂಫಿಲ್ ಎಂಬ ಹೆಸರನ್ನು ಪಡೆದಿದ್ದನು. 1859ರಲ್ಲಿ ಹತ್ತೊಂಬತ್ತು ವರ್ಷದ ಜೋಸೆಫನೂ ಅದೇ ಮಠವನ್ನು ಸೇರಿದನು. ಅಲ್ಲಿ ಆತನಿಗೆ ದೊರೆತ ಹೆಸರು ಡೇಮಿಯನ್.

ಗುರುಗಳಾಗುವವರು ಲ್ಯಾಟಿನ್ ಭಾಷೆಯನ್ನು ಬಲ್ಲವರಾಗಿರಬೇಕಿತ್ತು. ಡೇಮಿಯನ್ನನಿಗೆ ಅದರ ಗಂಧವೂ ಇರಲಿಲ್ಲ. ಈತ ಮಠದ ಮೈಮುರಿ ಕೆಲಸಗಳಿಗೆ ಮಾತ್ರ ತಕ್ಕವನೆಂದು ಹಿರಿಯರು ಬಗೆದರು. ಹುಡುಗ ಬೇಸರಪಡಲಿಲ್ಲ. ಬಿಡುವಿನ ವೇಳೆಯಲ್ಲಿ ಅಣ್ಣನಿಂದ ಲ್ಯಾಟಿನ್ ಪದಗಳನ್ನು ಒಂದೊಂದಾಗಿ ಕಲಿಯತೊಡಗಿದನು. ಆತನ ಛಲವನ್ನೂ ಮುನ್ನಡೆಯನ್ನೂ ಕಂಡ ಹಿರಿಯರು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. 1860ರ ಅಕ್ಟೋಬರ್ 7ರಂದು ಆತನು ಸನ್ಯಾಸವ್ರತಗಳನ್ನು ಸ್ವೀಕರಿಸಿದನು. ಆ ಸಂದರ್ಭದಲ್ಲಿ ವ್ರತ ಸ್ವೀಕರಿಸುವವನನ್ನು ನೆಲದ ಮೇಲೆ ಮಲಗಿಸಿ, ಶವಪೆಟ್ಟಿಗೆಯ ಮೇಲೆ ಹೊದಿಸುವ ವಸ್ತ್ರವನ್ನು ಅವನ ಮೇಲೆ ಹರಡುವ ಪದ್ಧತಿಯಿತ್ತು. ಇನ್ನು ಮುಂದೆ ತನ್ನ ಸುಖಕ್ಕೆ ತಾನು ಸತ್ತವನು, ಇತರರಿಗಾಗಿ ಬದುಕಬೇಕಾದವನು ಎಂಬುದು ಅದರ ಸಂಕೇತ. ಬಹಳ ಮಂದಿಗೆ ಅದೊಂದು ವಿಧಿ ಮಾತ್ರ. ಡೇಮಿಯನ್ನನ ಬಾಳಿನಲ್ಲಿ ಅದು ಅಕ್ಷರಶಃ ಸತ್ಯವಾಗಲಿತ್ತು.

1863ರಲ್ಲಿ ಪ್ಯಾಂಫಿಲನನ್ನು ಧರ್ಮಸೇವೆಗಾಗಿ ಹವಾಯಿ ದ್ವೀಪಗಳಿಗೆ ಕಳುಹಿಸಬೇಕೆಂದು ನಿಶ್ಚಯವಾಯಿತು. ಪ್ರಯಾಣದ ಸಿದ್ಧತೆಯೆಲ್ಲ ಮುಗಿದಿರುವಾಗ ಆತನು ಟೈಫಸ್ ಜ್ವರದಿಂದ ಹಾಸಿಗೆ ಹಿಡಿದನು. ಅಣ್ಣನ ಸ್ಥಾನದಲ್ಲಿ ತನ್ನನ್ನು ಕಳುಹಿಸಬೇಕೆಂದು ಡೇಮಿಯನ್ ನೇರವಾಗಿ ಪ್ಯಾರಿಸಿನಲ್ಲಿದ್ದ ಸಭೆಯ ಮುಖ್ಯಸ್ಥರಿಗೇ ಪತ್ರ ಬರೆದನು. ಆತನಿಗಿನ್ನೂ ಗುರುದೀಕ್ಷೆಯೂ ಆಗಿರಲಿಲ್ಲ. ಆದರೂ ಅನುಮತಿ ದೊರೆಯಿತು. ತಾಯಿಯನ್ನು ಕೊನೆಯ ಬಾರಿಗೆ ಕಂಡು ಬೀಳ್ಕೊಂಡು, ಜರ್ಮನಿಯ ಬಂದರೊಂದರಿಂದ ಹಾಯಿಹಡಗನ್ನೇರಿದನು. ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಸಾಗಿದ ಆ ಹಡಗು ತಿಂಗಳುಗಟ್ಟಲೆ ಕಡಲಿನಲ್ಲಿದ್ದು, 1864ರ ಮಾರ್ಚ್ 19ರಂದು ಹೊನೊಲುಲು ಬಂದರನ್ನು ಸೇರಿತು. ಅದೇ ವರ್ಷದ ಮೇ 21ರಂದು ಅಲ್ಲಿನ ಪ್ರಧಾನ ದೇವಾಲಯದಲ್ಲಿ ಆತನಿಗೆ ಗುರುದೀಕ್ಷೆಯಾಯಿತು. ಇಪ್ಪತ್ತನಾಲ್ಕರ ಹರೆಯದ ಡೇಮಿಯನ್ ಆ ದಿನದಿಂದ ಜನರ ಪಾಲಿಗೆ ಫಾದರ್ ಡೇಮಿಯನ್ ಆದರು.

ಮೊದಲ ಒಂಬತ್ತು ವರ್ಷಗಳನ್ನು ಅವರು ಹವಾಯಿ ಎಂಬ ದೊಡ್ಡ ದ್ವೀಪದ ಪುನ ಮತ್ತು ಕೊಹಾಲ ಪ್ರಾಂತಗಳಲ್ಲಿ ಕಳೆದರು. ಅದು ಜ್ವಾಲಾಮುಖಿಗಳ ನಾಡು. ಹಳ್ಳಿಯಿಂದ ಹಳ್ಳಿಗೆ ಕಡಿದಾದ ಕಣಿವೆಗಳನ್ನು ದಾಟಿ ಹೋಗಬೇಕಿತ್ತು. ಅವರು ಕುದುರೆಯ ಮೇಲೆ, ದೋಣಿಯಲ್ಲಿ, ಬಹಳಷ್ಟು ಕಡೆ ಕಾಲ್ನಡಿಗೆಯಲ್ಲಿ ಸಂಚರಿಸಿದರು. ಸ್ಥಳೀಯರ ಭಾಷೆಯನ್ನು ಕಲಿತು, ಅವರು ಉಣ್ಣುವುದನ್ನೇ ಉಂಡರು. ದೇವಾಲಯ ಬೇಕಾದಲ್ಲಿ ತಾವೇ ಮರವನ್ನು ಹೊತ್ತು, ಗರಗಸ ಸುತ್ತಿಗೆಗಳನ್ನು ಹಿಡಿದು ಕಟ್ಟಿದರು. ಹವಾಯಿಯ ಜನರು ಅವರ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಕಮಿಯಾನೊ ಎಂದು ಕರೆದರು.

ಹವಾಯಿ ಆಗ ತನ್ನದೇ ರಾಜರಿದ್ದ ಸ್ವತಂತ್ರ ದೇಶ. ಆದರೆ 1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಅಲ್ಲಿಗೆ ಬಂದ ಮೇಲೆ ಹೊರಗಿನವರೊಡನೆ ಹೊರಗಿನ ರೋಗಗಳೂ ಬಂದವು. ಅವುಗಳನ್ನು ತಾಳಿಕೊಳ್ಳುವ ಶಕ್ತಿ ದ್ವೀಪವಾಸಿಗಳಿಗಿರಲಿಲ್ಲ. ಸಿಡುಬು, ದಡಾರಗಳಿಗೆ ಜನ ತುತ್ತಾಗುತ್ತ ಹೋಗಿ, 1872ರ ಗಣತಿಯ ವೇಳೆಗೆ ಇಡೀ ರಾಜ್ಯದಲ್ಲಿ ಉಳಿದವರು ಸುಮಾರು 57,000 ಮಂದಿ ಮಾತ್ರ. ಈ ದುರವಸ್ಥೆಯ ನಡುವೆ ಕುಷ್ಠರೋಗವೂ ಹರಡಿತು. ಅದಕ್ಕೆ ಆಗ ಮದ್ದಿರಲಿಲ್ಲ. ಭಯಗೊಂಡ ಸರ್ಕಾರವು 1865ರಲ್ಲಿ ಒಂದು ಕಾನೂನನ್ನು ಮಾಡಿತು. ರೋಗ ತಗುಲಿದವರನ್ನು ಹಿಡಿದು ತಂದು ಮೊಲೊಕೈ ದ್ವೀಪದ ಒಂದು ಮೂಲೆಯಲ್ಲಿ ಜೀವಾವಧಿ ಇರಿಸಬೇಕೆಂಬುದು ಅದರ ಸಾರ. 1866ರ ಜನವರಿಯಲ್ಲಿ ಮೊದಲ ರೋಗಿಗಳನ್ನು ಅಲ್ಲಿ ಇಳಿಸಲಾಯಿತು. ಗಂಡನಿಂದ ಹೆಂಡತಿಯನ್ನೂ ತಾಯಿಯಿಂದ ಮಗುವನ್ನೂ ಅಗಲಿಸುತ್ತಿದ್ದ ಈ ವ್ಯಾಧಿಯನ್ನು ಹವಾಯಿಯ ಜನ ಬೇರ್ಪಡಿಸುವ ಬೇನೆ ಎಂದೇ ಹೆಸರಿಸಿದರು.

ರೋಗಿಗಳಿಗಾಗಿ ಆರಿಸಿದ ಸ್ಥಳ ಪ್ರಕೃತಿಯೇ ಕಟ್ಟಿದ ಸೆರೆಮನೆಯಂತಿತ್ತು. ಮೊಲೊಕೈಯ ಉತ್ತರ ತೀರದಲ್ಲಿ ಒಂದು ಚಿಕ್ಕ ನೆಲದ ಚಾಚು ಸಮುದ್ರದೊಳಕ್ಕೆ ನುಗ್ಗಿದೆ. ಮೂರು ಕಡೆ ಮೊರೆಯುವ ಕಡಲು. ನಾಲ್ಕನೆಯ ಕಡೆ ಎರಡು ಸಾವಿರ ಅಡಿಗಳಿಗೂ ಮಿಗಿಲಾದ ಕಡಿದಾದ ಬಂಡೆಯ ಗೋಡೆ. ಈ ನೆಲದ ಪೂರ್ವದ ಅಂಚಿನಲ್ಲಿದ್ದ ಕಲವಾವೊ ಎಂಬ ಹಳ್ಳಿಯಲ್ಲಿ ರೋಗಿಗಳು ನೆಲೆಸಿದರು. ಅಲ್ಲಿ ಸದಾ ಚಳಿಗಾಳಿ, ಮಳೆ. ರೋಗಿಗಳು ತಾವೇ ಬೇಸಾಯ ಮಾಡಿ ಜೀವಿಸುವರೆಂದು ಅಧಿಕಾರಿಗಳು ಲೆಕ್ಕ ಹಾಕಿದ್ದರು. ಬೆರಳುಗಳು ಉದುರಿದ ಕೈಗಳಿಂದ ಗುದ್ದಲಿ ಹಿಡಿಯುವುದು ಹೇಗೆ ಎಂದು ಅವರು ಯೋಚಿಸಿರಲಿಲ್ಲ. ಊಟ ಸಾಲದು, ಬಟ್ಟೆ ಸಾಲದು, ಕುಡಿಯುವ ನೀರನ್ನು ದೂರದಿಂದ ಹೊತ್ತು ತರಬೇಕು. ಹುಲ್ಲಿನ ಗುಡಿಸಲುಗಳಲ್ಲಿ ಮಳೆಯ ನೀರು ಒಳಗೇ ಹರಿಯುತ್ತಿತ್ತು. ಸತ್ತವರನ್ನು ಪೆಟ್ಟಿಗೆಯಿಲ್ಲದೆ ಆಳವಿಲ್ಲದ ಕುಳಿಗಳಲ್ಲಿ ಹೂಳುತ್ತಿದ್ದರು. ನಾಳೆಯೆಂಬುದೇ ಇಲ್ಲದವರಲ್ಲಿ ಕೆಲವರು ಕುಡಿತದಲ್ಲಿ ದುಃಖವನ್ನು ಮರೆಯಲೆಳಸಿದರು; ಬಲ್ಲಿದರು ಬಡವರ ಪಾಲನ್ನು ಕಸಿದುಕೊಂಡರು.

1873ರ ಮೇ ತಿಂಗಳಿನಲ್ಲಿ ಮಾವಿ ದ್ವೀಪದಲ್ಲಿ ಹೊಸ ದೇವಾಲಯವೊಂದರ ಪ್ರತಿಷ್ಠೆಗಾಗಿ ಗುರುಗಳೆಲ್ಲ ಸೇರಿದ್ದರು. ಕಲವಾವೊದಲ್ಲಿದ್ದ ಕಥೋಲಿಕ ರೋಗಿಗಳು ತಮಗೊಬ್ಬ ಗುರು ಬೇಕೆಂದು ಬೇಡಿಕೊಳ್ಳುತ್ತಿದ್ದ ಸಂಗತಿಯನ್ನು ಬಿಷಪ್ ಮೇಗ್ರೆ ಅವರು ಪ್ರಸ್ತಾಪಿಸಿದರು. ಅಲ್ಲಿಗೆ ಹೋಗೆಂದು ಯಾರಿಗೂ ಆಜ್ಞೆ ಮಾಡಲು ಅವರಿಗೆ ಮನಸ್ಸು ಬಾರದು. ಆಗ ನಾಲ್ವರು ತರುಣ ಗುರುಗಳು ತಾವಾಗಿಯೇ ಮುಂದೆ ಬಂದರು. ಒಬ್ಬೊಬ್ಬರೂ ಕೆಲವು ವಾರಗಳಂತೆ ಸರದಿಯಲ್ಲಿ ಅಲ್ಲಿರುವುದೆಂದು ತೀರ್ಮಾನವಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ಬಿಷಪ್ಪರೊಡನೆ, ದನಗಳನ್ನೂ ಹೊಸ ರೋಗಿಗಳನ್ನೂ ಹೊತ್ತ ಹಡಗಿನಲ್ಲಿ ಅವರು ಮೊಲೊಕೈಯನ್ನು ತಲುಪಿದರು. ಆಗ ಅವರಿಗೆ ಮೂವತ್ತಮೂರು ವರ್ಷ. ಕೆಲವೇ ದಿನಗಳಲ್ಲಿ, ತಾವು ಅಲ್ಲಿಯೇ ಶಾಶ್ವತವಾಗಿ ನಿಲ್ಲಲು ಸಿದ್ಧವೆಂದು ಅವರು ಹಿರಿಯರಿಗೆ ಬರೆದರು. ಮತ್ತೊಬ್ಬರ ಸರದಿ ಬರಲೇ ಇಲ್ಲ.

ಕಲವಾವೊದಲ್ಲಿ ಸಂತ ಫಿಲೊಮೆನಾ ಹೆಸರಿನ ಪುಟ್ಟ ದೇವಾಲಯವೊಂದಿತ್ತು. ಗುರುಗಳಿಗೆ ವಾಸದ ಮನೆಯಿರಲಿಲ್ಲ. ದೇವಾಲಯದ ಬಳಿ ನಮ್ಮ ನಾಡಿನ ಕೇದಗೆಯ ಜಾತಿಗೆ ಸೇರಿದ ಒಂದು ಮರವಿತ್ತು. ಡೇಮಿಯನ್ನರು ಮೊದಲ ವಾರಗಳ ರಾತ್ರಿಗಳನ್ನು ಅದರ ಕೆಳಗೆ ಕಳೆದರು. ಕೊಳೆತ ಹುಣ್ಣುಗಳ ದುರ್ವಾಸನೆಯನ್ನು ತಾಳಲಾರದೆ ಅವರು ಕೆಲವೊಮ್ಮೆ ಗುಡಿಸಲಿನಿಂದ ಹೊರಗೋಡಿ ಬರಬೇಕಾಗುತ್ತಿತ್ತು. ವಾಸನೆಯನ್ನು ಮರೆಸಲೆಂದು ಹೊಗೆಸೊಪ್ಪಿನ ಕೊಳವೆಯನ್ನು ಸೇದುವ ಅಭ್ಯಾಸ ಮಾಡಿಕೊಂಡರು. ರೋಗಿಗಳನ್ನು ಮುಟ್ಟಬಾರದು, ಅವರೊಡನೆ ಉಣ್ಣಬಾರದು ಎಂದು ಹಿರಿಯರು ಎಚ್ಚರಿಕೆ ಹೇಳಿ ಕಳುಹಿಸಿದ್ದರು. ಆ ಎಚ್ಚರಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಲವಾವೊದಲ್ಲಿ ಅದನ್ನು ಪಾಲಿಸುವುದೆಂದರೆ ಏನರ್ಥವೆಂಬುದು ಡೇಮಿಯನ್ನರಿಗೆ ಬಹುಬೇಗ ಅರಿವಾಯಿತು.

ಹವಾಯಿಯಲ್ಲಿ ಕೆಸುವಿನ ಗೆಡ್ಡೆಯನ್ನು ಬೇಯಿಸಿ ಜಜ್ಜಿ ಮಾಡಿದ ಪೊಯಿ ಎಂಬುದೇ ಆಗ ಮುಖ್ಯ ಆಹಾರವಾಗಿತ್ತು. ಮನೆಯವರೂ ಅತಿಥಿಗಳೂ ಒಂದೇ ಬೋಗುಣಿಯ ಸುತ್ತ ಕುಳಿತು, ಅದರಲ್ಲೇ ಬೆರಳನ್ನದ್ದಿ ತಿನ್ನುತ್ತಿದ್ದರು. ಆ ಬೋಗುಣಿಗೆ ಕೈಯಿಡದವನು ಅವರ ಪಾಲಿಗೆ ಹೊರಗಿನವನು. ರಾಜ್ಯ, ಬಂಧುಬಳಗ, ಕಾನೂನು ಎಲ್ಲವೂ ಈ ಜನರನ್ನು ಮುಟ್ಟಲೊಲ್ಲದೆ ದೂರ ತಳ್ಳಿದ್ದವು. ಮುಟ್ಟದೆ ದೂರ ನಿಂತೇ ಮಾತನಾಡುವ ಗುರುವಿನ ಬಾಯಿಂದ, ದೇವರು ನಿಮ್ಮ ಬಳಿಗೆ ಬಂದಿದ್ದಾನೆ ಎಂಬ ಮಾತು ಬಂದರೆ ಅದನ್ನು ಯಾರು ನಂಬಬೇಕು? ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದನೆಂಬ ಸುವಾರ್ತೆಯ ಕಥೆಯನ್ನು ಕೈಕಟ್ಟಿ ನಿಂತು ಹೇಳುವುದು ಹೇಗೆ? ಡೇಮಿಯನ್ನರು ಬೋಗುಣಿಗೆ ಕೈಯಿಟ್ಟರು. ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟಿದರು. ಸಾಯುತ್ತಿದ್ದವರ ಹಣೆಗೆ ಪವಿತ್ರ ತೈಲವನ್ನು ಹಚ್ಚಿದರು. ಮಕ್ಕಳನ್ನು ಹತ್ತಿರ ಕೂರಿಸಿಕೊಂಡರು. ಅಪಾಯವನ್ನು ಅರಿಯದೆ ಅವರು ಹಾಗೆ ಮಾಡಲಿಲ್ಲ. ಅರಿತು, ಅದನ್ನು ದೇವರಿಗೆ ಬಿಟ್ಟು ಮಾಡಿದರು.

ಇಲ್ಲಿ ಇನ್ನೊಂದು ಕಠಿಣವಾದ ಪ್ರಶ್ನೆಯಿತ್ತು. ಯೇಸು ಮುಟ್ಟಿದ ರೋಗಿ ಗುಣಹೊಂದಿದನೆಂದು ಸುವಾರ್ತೆ ಹೇಳುತ್ತದೆ. ಡೇಮಿಯನ್ನರು ಮುಟ್ಟಿದವರಲ್ಲಿ ಯಾರೂ ಗುಣಹೊಂದಲಿಲ್ಲ. ಅವರು ಕಾಲಿಟ್ಟ ಅದೇ 1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ ಈ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದನಾದರೂ ಔಷಧ ದೊರೆಯಲು ಇನ್ನೂ ಎಪ್ಪತ್ತು ವರ್ಷಗಳೇ ಬೇಕಾದವು. ಬದುಕಿಸಲಾಗದವರ ನಡುವೆ ಉದ್ಧಾರಕನ ಹೆಸರನ್ನು ಹೇಳಿಕೊಂಡು ಮಾಡುವುದಾದರೂ ಏನು? ಡೇಮಿಯನ್ನರು ತಮ್ಮನ್ನು ಎಂದೂ ಉದ್ಧಾರಕನೆಂದು ಭಾವಿಸಲಿಲ್ಲ. ಉದ್ಧಾರ ಮಾಡುವವನು ಬೇರೆ ಇದ್ದಾನೆ, ತಾನು ಆತನ ಆಳು ಎಂಬುದು ಅವರ ನಿಲವು. ಆಳಿಗೆ ಮಾಡಲು ಕೆಲಸ ಬೇಕಾದಷ್ಟಿತ್ತು.

ಮೊದಲನೆಯದು ನೀರು. ಕಣಿವೆಯೊಂದರ ಒಳಗೆ ಬತ್ತದ ತಣ್ಣೀರಿನ ಮಡುವಿತ್ತು. ಸರ್ಕಾರದಿಂದ ಕೊಳವೆಗಳು ಬಂದಾಗ, ನಡೆಯಬಲ್ಲ ರೋಗಿಗಳನ್ನು ಜೊತೆಗೂಡಿಸಿಕೊಂಡು ಅವರು ಕೊಳವೆಗಳನ್ನು ಜೋಡಿಸಿ ನೀರನ್ನು ಹಳ್ಳಿಗೆ ಹರಿಸಿದರು. ಹುಣ್ಣು ತೊಳೆಯಲು, ಬಟ್ಟೆ ಒಗೆಯಲು ನೀರು ದೊರೆತ ದಿನವೇ ಆ ಊರಿನ ಬದುಕು ಅರ್ಧ ಬದಲಾಯಿತೆನ್ನಬೇಕು. ಎರಡನೆಯದು ಮನೆ. ಬಿರುಗಾಳಿ ಹುಲ್ಲುಗುಡಿಸಲುಗಳನ್ನು ನೆಲಕ್ಕೆ ಕೆಡಹಿದಾಗ, ಸರ್ಕಾರದಿಂದ ಮರವನ್ನು ಕೇಳಿ ತರಿಸಿಕೊಂಡು ನೆಲದಿಂದ ಎತ್ತರಿಸಿದ ಹಲಗೆಯ ಮನೆಗಳನ್ನು ಕಟ್ಟತೊಡಗಿದರು. ಬೆರಳಿದ್ದವರು ಮೊಳೆ ಹೊಡೆದರು. ಬೆರಳಿಲ್ಲದವರು ಹಲಗೆಯನ್ನು ಒತ್ತಿ ಹಿಡಿದರು. ಮನೆಗಳಿಗೆ ಸುಣ್ಣ ಬಳಿದರು, ಮುಂದೆ ಹೂಗಿಡಗಳನ್ನು ನೆಟ್ಟರು.

ಮೂರನೆಯದು ಸಾವಿನ ಗೌರವ. ಆ ಊರಿನಲ್ಲಿ ಸಾವು ಇಲ್ಲದ ವಾರವಿರಲಿಲ್ಲ. ಡೇಮಿಯನ್ನರು ದೇವಾಲಯದ ಪಕ್ಕದಲ್ಲಿ ರುದ್ರಭೂಮಿಯೊಂದನ್ನು ಬೇಲಿ ಹಾಕಿ ಸಿದ್ಧಗೊಳಿಸಿದರು. ಶವಪೆಟ್ಟಿಗೆಗಳನ್ನು ತಾವೇ ಮಾಡಿದರು. ಹೀಗೆ ಅವರ ಕೈಯಲ್ಲಿ ಸಿದ್ಧವಾದ ಪೆಟ್ಟಿಗೆಗಳು ನೂರಾರು. ರೋಗಿಗಳೇ ಸೇರಿ ಶವಸಂಸ್ಕಾರದ ಸಂಘಗಳನ್ನು ಕಟ್ಟಿಕೊಂಡರು. ಯಾರೂ ದಿಕ್ಕಿಲ್ಲದವನೆಂಬಂತೆ ಹೋಗಬಾರದು; ವಾದ್ಯ, ಹಾಡು, ಪ್ರಾರ್ಥನೆಗಳೊಡನೆ ಎಲ್ಲರೂ ಸೇರಿ ಕಳುಹಿಸಿಕೊಡಬೇಕು ಎಂಬುದು ಅಲ್ಲಿನ ಕಟ್ಟಳೆಯಾಯಿತು. ಯಾವನಿಗೂ ಬೇಡವಾಗಿ ಸತ್ತವನನ್ನೂ ದೇವರು ಹೆಸರು ಹಿಡಿದು ಕರೆಯುವನೆಂಬ ನಂಬಿಕೆಗೆ ಕಲವಾವೊದಲ್ಲಿ ಒಂದು ಮರದ ಪೆಟ್ಟಿಗೆಯ ರೂಪ ಬಂದಿತು.

ಬದುಕಿರುವವರಿಗೂ ಹಬ್ಬ ಬೇಕು. ಹವಾಯಿಯ ಜನರಿಗೆ ಸಂಗೀತವೆಂದರೆ ಪ್ರಾಣ. ಡೇಮಿಯನ್ನರು ಗಾಯನಮೇಳವನ್ನೂ ವಾದ್ಯಮೇಳವನ್ನೂ ಕಟ್ಟಿದರು. ಒಬ್ಬೊಬ್ಬರಿಗೆ ಸಾಕಷ್ಟು ಬೆರಳುಗಳಿಲ್ಲದ ಕಾರಣ ಇಬ್ಬರು ಒಟ್ಟಿಗೆ ಕುಳಿತು ಆರ್ಗನ್ ನುಡಿಸುತ್ತಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಅವರು ತಮ್ಮ ಮನೆಯ ಬಳಿಯಲ್ಲೇ ವಸತಿಗಳನ್ನು ಕಟ್ಟಿಸಿದರು. ಹುಡುಗರಿಗೆ ಹೊಲದ ಕೆಲಸವನ್ನೂ ಹುಡುಗಿಯರಿಗೆ ಹೊಲಿಗೆ ಅಡಿಗೆಗಳನ್ನೂ ಕಲಿಸುವ ವ್ಯವಸ್ಥೆ ಮಾಡಿದರು. ನಾಳೆಯಿಲ್ಲವೆಂದು ತಿಳಿದಿದ್ದವರು ನಾಳೆಗಾಗಿ ಗಿಡ ನೆಡತೊಡಗಿದರು.

ಇದೆಲ್ಲವನ್ನೂ ಡೇಮಿಯನ್ನರು ಒಬ್ಬರೇ ಮಾಡಿದರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಅವರು ಬರುವುದಕ್ಕೆ ಏಳು ವರ್ಷ ಮೊದಲೇ ರೋಗಿಗಳು ಅಲ್ಲಿ ತಮ್ಮದೇ ಆದ ಒಂದು ಪ್ರಾಟೆಸ್ಟೆಂಟ್ ಸಭೆಯನ್ನು ಸ್ಥಾಪಿಸಿಕೊಂಡಿದ್ದರು. ರೋಗವಿಲ್ಲದಿದ್ದರೂ ತಮ್ಮವರನ್ನು ಬಿಡಲಾರದೆ ಜೊತೆಯಲ್ಲಿ ಬಂದು ನೆಲೆಸಿದ ಹವಾಯಿಯ ಗಂಡಂದಿರು, ಹೆಂಡತಿಯರು, ತಾಯಂದಿರು ಅನೇಕರಿದ್ದರು. ಇವರನ್ನು ಕೊಕುವಾ, ಎಂದರೆ ನೆರವಾಗುವವರು, ಎಂದು ಕರೆಯುತ್ತಿದ್ದರು. ಮಾರ್ಮನ್ ಪಂಥದ ಜೊನಾಥನ್ ನಾಪೆಲ ಎಂಬ ಗಣ್ಯನು ರೋಗಿಯಾದ ಹೆಂಡತಿಯನ್ನು ಹಿಂಬಾಲಿಸಿ ಬಂದು ಅಲ್ಲಿಯೇ ಪ್ರಾಣಬಿಟ್ಟನು; ಪಂಥ ಬೇರೆಯಾದರೂ ಆತನೂ ಡೇಮಿಯನ್ನರೂ ಗೆಳೆಯರಾಗಿದ್ದರು. ಡೇಮಿಯನ್ನರಲ್ಲಿ ದೋಷಗಳಿರಲಿಲ್ಲವೆಂದೂ ಅಲ್ಲ. ಅವರು ಮುಂಗೋಪಿ, ಹಟವಾದಿ. ಮರ, ಬಟ್ಟೆ, ಔಷಧಗಳಿಗಾಗಿ ಅಧಿಕಾರಿಗಳೊಡನೆ ಜಗಳವಾಡುತ್ತಿದ್ದರು. ಜೊತೆಯಲ್ಲಿ ಕೆಲಸಮಾಡಲು ಬಂದ ಗುರುಗಳೊಡನೆಯೂ ಅವರಿಗೆ ಹೊಂದಿಕೆಯಾಗುತ್ತಿರಲಿಲ್ಲ. ಆದರೆ ಅವರ ಜಗಳಗಳಲ್ಲಿ ಬಹುಪಾಲು ತಮಗಾಗಿ ಆಡಿದವಲ್ಲ.

ಅವರನ್ನು ಹೆಚ್ಚಾಗಿ ಕಾಡಿದ್ದು ಒಂಟಿತನ. ಕಥೋಲಿಕ ಗುರುವೂ ತನ್ನ ತಪ್ಪುಗಳನ್ನು ಇನ್ನೊಬ್ಬ ಗುರುವಿನ ಬಳಿ ಹೇಳಿಕೊಂಡು ಕ್ಷಮೆ ಪಡೆಯಬೇಕು. ಕಲವಾವೊದಲ್ಲಿ ಇನ್ನೊಬ್ಬ ಗುರುವಿರಲಿಲ್ಲ. ರೋಗಿಗಳ ನೆಲವನ್ನು ಬಿಟ್ಟು ಹೊರಗೆ ಬರಬಾರದೆಂದು 1873ರಲ್ಲಿಯೇ ಅಧಿಕಾರಿಗಳು ಅವರನ್ನು ನಿರ್ಬಂಧಿಸಿದರು. ಒಮ್ಮೆ ಅವರ ಸಭೆಯ ಹಿರಿಯರು ಹಡಗಿನಲ್ಲಿ ಬಂದಾಗ, ದಡಕ್ಕಿಳಿಯಲು ಹಡಗಿನ ನಾಯಕ ಒಪ್ಪಲಿಲ್ಲ. ಡೇಮಿಯನ್ನರು ದೋಣಿಯಲ್ಲಿ ಹಡಗಿನ ಬಳಿಗೆ ಹೋದರು. ಮೇಲೆ ಹತ್ತಲೂ ಅಪ್ಪಣೆಯಿಲ್ಲ. ಕೆಳಗೆ ತೂಗಾಡುವ ದೋಣಿಯಲ್ಲಿ ನಿಂತು, ಮೇಲೆ ಹಡಗಿನ ಅಂಚಿಗೆ ಬಾಗಿದ್ದ ಹಿರಿಯರಿಗೆ ಕೇಳುವಂತೆ, ಗುಟ್ಟಾಗಿ ಹೇಳಬೇಕಾದ ತಮ್ಮ ತಪ್ಪುಗಳನ್ನು ಅವರು ಕೂಗಿ ಹೇಳಿದರು. ಕ್ಷಮೆಯ ಮಂತ್ರವೂ ಹಾಗೆಯೇ ಮೇಲಿನಿಂದ ಬಂದಿತು. ತಮ್ಮ ಉದ್ಧಾರವೂ ತಮ್ಮ ಕೈಯಲ್ಲಿಲ್ಲ, ಅದನ್ನು ಬೇಡಿ ಪಡೆಯಬೇಕು ಎಂಬುದನ್ನು ಅವರು ಎಷ್ಟು ಗಾಢವಾಗಿ ನಂಬಿದ್ದರೆಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

ಹನ್ನೊಂದು ವರ್ಷಗಳು ಉರುಳಿದವು. 1884ರ ಡಿಸೆಂಬರಿನಲ್ಲಿ ಒಂದು ದಿನ ದಣಿದು ಬಂದ ಡೇಮಿಯನ್ನರು ಕಾಲುಗಳನ್ನು ಬಿಸಿನೀರಿನಲ್ಲಿಟ್ಟರು. ಚರ್ಮವು ಬೆಂದು ಬೊಬ್ಬೆ ಬಂದಿತು. ನೋವು ಮಾತ್ರ ತಿಳಿಯಲಿಲ್ಲ. ಸ್ಪರ್ಶಜ್ಞಾನ ಹೋಗುವುದು ಈ ರೋಗದ ಗುರುತೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು? ಮರುವರ್ಷ ವೈದ್ಯರು ಅದನ್ನು ದೃಢಪಡಿಸಿದರು. ಅಂದಿನಿಂದ ರೋಗಿಗಳನ್ನು ಕುರಿತು ನಾವು ಎಂದು ಹೇಳುವಾಗ ಆ ಮಾತಿನಲ್ಲಿ ಉಪಚಾರವೇನೂ ಉಳಿಯಲಿಲ್ಲ. ಅದು ಬರಿಯ ನಿಜವಾಯಿತು. ಮನುಷ್ಯರನ್ನು ಉದ್ಧರಿಸಲು ಮೇಲಿನಿಂದ ಅಪ್ಪಣೆ ಮಾಡದೆ, ತಾನೇ ಮನುಷ್ಯನಾಗಿ ಅವರ ನೋವನ್ನು ಹೊತ್ತ ದೇವರನ್ನು ಅವರು ನಂಬಿದ್ದರು. ಆ ನಂಬಿಕೆಯ ಹಾದಿಯಲ್ಲಿ ನಡೆದವರು ಬಂದು ಮುಟ್ಟುವ ಊರು ಇದೇ ಆಗಿತ್ತು.

ವೃದ್ಧೆಯಾದ ತಾಯಿಗೆ ಈ ಸಂಗತಿ ತಿಳಿಯಬಾರದೆಂದು ಅವರು ಬಯಸಿದರು. ಆದರೆ ಯುರೋಪಿನ ಪತ್ರಿಕೆಗಳು ಅದನ್ನು ಹಿಗ್ಗಿಸಿ ಬರೆದವು. ಸುದ್ದಿ ತಿಳಿದ ತಾಯಿ 1886ರಲ್ಲಿ ತೀರಿಕೊಂಡಳು. ಇತ್ತ ಅವರ ಹೆಸರು ಲೋಕದಲ್ಲೆಲ್ಲ ಹರಡಿತು. ಇಂಗ್ಲೆಂಡಿನ ಆಂಗ್ಲಿಕನ್ ಕ್ರೈಸ್ತರು ಪಂಥಭೇದವನ್ನೆಣಿಸದೆ ಹಣ ಕೂಡಿಸಿ ಕಳುಹಿಸಿದರು. ಈ ಕೀರ್ತಿಯು ಅವರ ಸ್ವಂತ ಹಿರಿಯರಿಗೇ ಸರಿದೋರಲಿಲ್ಲ. ಡೇಮಿಯನ್ನರು ಹೆಸರಿಗಾಗಿ ಹಾತೊರೆಯುತ್ತಿದ್ದಾರೆಂಬ ಆಕ್ಷೇಪಣೆಯ ಪತ್ರಗಳು ಬಂದವು. ರೋಗಕ್ಕಿಂತಲೂ ಅವು ಅವರನ್ನು ಹೆಚ್ಚು ನೋಯಿಸಿದವು. ಕೆಲವು ವೇಳೆ ತಾವು ಸ್ವರ್ಗಕ್ಕೆ ಯೋಗ್ಯರೇ ಎಂಬ ಶಂಕೆಯೂ ಅವರನ್ನು ಬಾಧಿಸಿತು. ಆದರೂ ಬೆಳಗಾದೊಡನೆ ಗರಗಸವನ್ನು ಕೈಗೆತ್ತಿಕೊಳ್ಳುವುದನ್ನು ಬಿಡಲಿಲ್ಲ. ಮುಖ ಊದಿ ಗಂಟುಕಟ್ಟಿದ್ದರೂ, ದನಿ ಕುಗ್ಗಿದ್ದರೂ, ದೇವಾಲಯವನ್ನು ಹಿಗ್ಗಿಸುವ ಕೆಲಸಕ್ಕೆ ತೊಡಗಿ ಛಾವಣಿಯನ್ನೇರಿ ದುಡಿದರು.

ಕೊನೆಯ ವರ್ಷಗಳಲ್ಲಿ ನೆರವು ಬಂದಿತು. 1886ರಲ್ಲಿ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟನ್ ಬಂದನು; ಆತನು ಮುಂದೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿ ಸೇವೆ ಸಲ್ಲಿಸಿದನು. 1888ರ ನವೆಂಬರಿನಲ್ಲಿ ಮದರ್ ಮೇರಿಯಾನ್ ಕೋಪ್ ಅವರು ತಮ್ಮ ಸಹೋದರಿಯರೊಡನೆ ಬಂದು ಹೆಣ್ಣುಮಕ್ಕಳ ಭಾರವನ್ನು ವಹಿಸಿಕೊಂಡರು. ತಾವಿಲ್ಲದಿದ್ದರೂ ಮಕ್ಕಳಿಗೆ ದಿಕ್ಕಿದೆಯೆಂದು ಡೇಮಿಯನ್ನರಿಗೆ ನೆಮ್ಮದಿಯಾಯಿತು. 1889ರ ಮಾರ್ಚಿನಲ್ಲಿ ಅವರು ಹಾಸಿಗೆ ಹಿಡಿದರು. ಈಸ್ಟರ್ ಹಬ್ಬವನ್ನು ಸ್ವರ್ಗದಲ್ಲಿ ಆಚರಿಸುವೆನೆಂದು ಹೇಳುತ್ತಿದ್ದರಂತೆ. ಕ್ರಿಸ್ತನ ಯಾತನೆಯನ್ನು ಸ್ಮರಿಸುವ ಪವಿತ್ರ ವಾರದ ಸೋಮವಾರ, ಏಪ್ರಿಲ್ 15ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಮೊದಲ ರಾತ್ರಿಗಳನ್ನು ಕಳೆದಿದ್ದ ಆ ಮರದ ಬಳಿಯಲ್ಲೇ, ತಮ್ಮ ಕೈಯಾರೆ ಮಣ್ಣುಮಾಡಿದ್ದ ರೋಗಿಗಳ ನಡುವೆ ಅವರನ್ನು ಸಮಾಧಿ ಮಾಡಲಾಯಿತು.

ಮರಣಾನಂತರವೂ ನಿಂದೆ ತಪ್ಪಲಿಲ್ಲ. ಬೇರೊಂದು ಪಂಥದ ಪಾದ್ರಿಯೊಬ್ಬರು ಅವರನ್ನು ಒರಟ, ಕೊಳಕ ಎಂದು ಹಳಿದು ಬರೆದ ಪತ್ರ ಪ್ರಕಟವಾಯಿತು. ಆಗ ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ ಅದಕ್ಕೆ 1890ರಲ್ಲಿ ಬಹಿರಂಗ ಪತ್ರದ ಮೂಲಕ ಉತ್ತರ ಕೊಟ್ಟನು. ಆತನು ಕಥೋಲಿಕನಲ್ಲ, ಆದರೆ ಡೇಮಿಯನ್ನರು ಮಡಿದ ಮರುತಿಂಗಳೇ ಆ ದ್ವೀಪಕ್ಕೆ ಹೋಗಿ ರೋಗಿಗಳನ್ನು ಕಣ್ಣಾರೆ ಕಂಡು ಬಂದಿದ್ದನು. ಡೇಮಿಯನ್ನರ ಕೊರತೆಗಳನ್ನು ಆತನು ಮುಚ್ಚಿಡಲಿಲ್ಲ. ಇತರರು ತಮ್ಮ ಮನೆಗಳಲ್ಲಿ ಸುಖವಾಗಿದ್ದಾಗ ಆ ಒರಟು ರೈತನು ಅಲ್ಲಿಗೆ ಹೋಗಿ ಪ್ರಾಣ ಕೊಟ್ಟನೆಂಬುದನ್ನು ಮಾತ್ರ ಯಾರೂ ಮರೆಯಲಾಗದಂತೆ ಬರೆದನು.

ಕಾಲ ಬದಲಾಯಿತು. 1940ರ ದಶಕದಲ್ಲಿ ಕುಷ್ಠರೋಗಕ್ಕೆ ಪರಿಣಾಮಕಾರಿಯಾದ ಔಷಧ ದೊರೆಯಿತು. ಇದು ಅಷ್ಟು ಸುಲಭವಾಗಿ ಹರಡುವ ರೋಗವಲ್ಲ, ಬಹುಪಾಲು ಜನರ ದೇಹಕ್ಕೆ ಇದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ, ಚಿಕಿತ್ಸೆಯಿಂದ ಇದು ಪೂರ್ಣವಾಗಿ ಗುಣವಾಗುತ್ತದೆ ಎಂಬುದು ಇಂದು ಸಿದ್ಧವಾಗಿದೆ. ರೋಗಿಗಳನ್ನು ಪ್ರತ್ಯೇಕವಾಗಿ ಇರಿಸುವ ಹವಾಯಿಯ ಪದ್ಧತಿ 1969ರಲ್ಲಿ ಕೊನೆಗೊಂಡಿತು. ಅಷ್ಟರಲ್ಲಿ ಸುಮಾರು 8,000 ಮಂದಿ ಆ ಬಂಡೆಗೋಡೆಯ ಕೆಳಗೆ ಕಳುಹಿಸಲ್ಪಟ್ಟಿದ್ದರು. ಬಹುಮಂದಿಯ ಗೋರಿಗಳಿಗೆ ಗುರುತೂ ಉಳಿದಿಲ್ಲ. 2009ರ ಅಕ್ಟೋಬರ್ 11ರಂದು ರೋಮಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಡೇಮಿಯನ್ನರಿಗೆ ಸಂತ ಪದವಿಯನ್ನು ಘೋಷಿಸಿದರು.

ಅದಕ್ಕೂ ಬಹಳ ಮೊದಲು, 1936ರಲ್ಲಿ, ಬೆಲ್ಜಿಯಂ ದೇಶವು ತನ್ನ ಮಗನ ದೇಹವನ್ನು ಕೇಳಿ ಪಡೆದುಕೊಂಡಿತು. ಅವಶೇಷಗಳನ್ನು ಸಮಾಧಿಯಿಂದ ಹೊರತೆಗೆದು, ಹಡಗಿನಲ್ಲಿ ಒಯ್ದು, ರಾಜಮರ್ಯಾದೆಯೊಡನೆ ಲೂವೆನ್ ನಗರದಲ್ಲಿ ಇರಿಸಲಾಯಿತು. ದ್ವೀಪದ ರೋಗಿಗಳಿಗೆ ಇದರಿಂದ ಬಹಳ ದುಃಖವಾಯಿತು. ಅವರ ಪಾಲಿಗೆ ಅವರು ಬೆಲ್ಜಿಯಂ ದೇಶದವರಲ್ಲ, ತಮ್ಮವರು. ಕೊನೆಗೆ 1995ರಲ್ಲಿ ಆ ಅವಶೇಷಗಳ ಒಂದು ಭಾಗವನ್ನು ಕಲವಾವೊಗೆ ಹಿಂದಿರುಗಿಸಿ, ಹಳೆಯ ಸಮಾಧಿಯಲ್ಲಿಯೇ ಮತ್ತೆ ಮಣ್ಣುಮಾಡಿದರು. ಹಿಂದಿರುಗಿ ಬಂದದ್ದು ಅವರ ಬಲಗೈ. ನೀರಿನ ಕೊಳವೆಗಳನ್ನು ಜೋಡಿಸಿದ, ಶವಪೆಟ್ಟಿಗೆಗಳಿಗೆ ಮೊಳೆ ಹೊಡೆದ, ಎಲ್ಲರೂ ಉಣ್ಣುವ ಬೋಗುಣಿಯಲ್ಲಿ ಅದ್ದಿದ, ಲೋಕವು ಮುಟ್ಟಲೊಲ್ಲದವರನ್ನು ಮುಟ್ಟಿದ ಕೈ ಅದು.